ಕೆನ್ನೆಯೊಳಗಿನ ಪುಡಿ

ಚಮಚ ಬಾಯಿಯ ಹತ್ತಿರ ಬಂದಾಗ ಸೂಜಿ ಕಣ್ಣು ಮುಚ್ಚಿಕೊಂಡಳು.

"ಆ ಅನ್ನು," ಅಂದಳು ಅಮ್ಮ.

ಹಿಸುಕಿದ ಬಾಳೆಹಣ್ಣು ನಾಲಗೆಯ ಮೇಲೆ ಬಂದು ಕೂತಿತು. ಅದರ ಸಿಹಿಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಒಣಒಣ, ಎಣ್ಣೆಎಣ್ಣೆ. ಎಷ್ಟು ಬಾಳೆಹಣ್ಣು ಬೆರೆಸಿದರೂ ಅದು ಅಡಗುತ್ತಿರಲಿಲ್ಲ. ಸೂಜಿ ಎಲ್ಲವನ್ನೂ ನಾಲಗೆಯಿಂದ ಮೆಲ್ಲಗೆ ಬಲಗೆನ್ನೆಯ ಒಳಕ್ಕೆ ತಳ್ಳಿದಳು. ಆಮೇಲೆ ಗಂಟಲಲ್ಲಿ ಗುಳುಕ್ ಎಂದು ಸದ್ದು ಮಾಡಿದಳು. ನುಂಗಿದ ಹಾಗೆ ಕಾಣಬೇಕಲ್ಲ.

"ಆಯ್ತಾ?"

ಬಾಯಿ ಬಿಡುವ ಹಾಗಿರಲಿಲ್ಲ. ಸೂಜಿ ತಲೆಯಾಡಿಸಿ, ಹಲ್ಲುಜ್ಜುವ ಬ್ರಷ್ ತೋರಿಸಿ, ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿ ಜೋರಾಗಿ ಬಿಟ್ಟು ಕೆನ್ನೆಯೊಳಗಿನದನ್ನೆಲ್ಲ ಉಗಿದಳು. ಬಾಯಿ ಮುಕ್ಕಳಿಸಿದಳು. ನಾಲಗೆ ಉರಿಯುವಷ್ಟು ಉಜ್ಜಿದಳು. ಕೆನ್ನೆಯ ಒಳಗೆ ಇರುವೆ ಹರಿದ ಹಾಗೆ ತುರಿಸುತ್ತಿತ್ತು. ಕನ್ನಡಿಯಲ್ಲಿ ತುಟಿ ನೋಡಿಕೊಂಡಳು. ಊದಿರಲಿಲ್ಲ. ಅಷ್ಟಾದ ಮೇಲೆ ಅವಳಿಗೆ ಉಸಿರು ಸರಾಗವಾಗಿ ಬಂತು.

ಹೊರಗೆ ಅಮ್ಮ ಫೋನ್ ನೋಡಿ, "ಇವತ್ತೂ ಗ್ರೀನ್," ಎಂದು ಅಪ್ಪನಿಗೆ ಕೂಗಿ ಹೇಳುತ್ತಿದ್ದಳು.

ಸೂಜಿ ಅವಳ ನಿಜವಾದ ಹೆಸರಲ್ಲ. ಅವಳ ಸ್ಕೂಲ್ ಬ್ಯಾಗಿಗೆ ಸದಾ ಒಂದು ಕೆಂಪು ಚೀಲ ನೇತಾಡುತ್ತಿತ್ತು. ಅದರಲ್ಲಿ, ಉಸಿರು ಕಟ್ಟಿದರೆ ತಕ್ಷಣ ಚುಚ್ಚಲು, ಪೆನ್ನಿನಂಥ ಒಂದು ಇಂಜೆಕ್ಷನ್. ಅದಕ್ಕೇ ಕ್ಲಾಸಿನವರು ಆ ಹೆಸರಿಟ್ಟಿದ್ದರು. ಒಮ್ಮೆ ಹಾಜರಿ ಕರೆಯುವಾಗ ಟೀಚರ್ ಕೂಡ ಬಾಯಿತಪ್ಪಿ ಸೂಜಿ ಎಂದುಬಿಟ್ಟಿದ್ದರು. ಅವಳೂ ಬಾಯಿತಪ್ಪಿ "ಎಸ್ ಮಿಸ್" ಅಂದಿದ್ದಳು.

ಅವಳ ಮೈಗೆ ಕಡಲೆಕಾಯಿ ಆಗುತ್ತಿರಲಿಲ್ಲ. ನರ್ಸರಿಯಲ್ಲಿದ್ದಾಗ ಯಾರೋ ಕೊಟ್ಟ ಬಿಸ್ಕತ್ತನ್ನು ಒಂದೇ ಒಂದು ಸಲ ಕಚ್ಚಿದ್ದಳು. ಚೀಲದ ಬಾಯಿಗೆ ದಾರ ಬಿಗಿಯುವ ಹಾಗೆ ಗಂಟಲು ಒಳಗಿನಿಂದ ಬಿಗಿದುಕೊಂಡಿತ್ತು. ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ಆಂಬುಲೆನ್ಸಿನ ಚಾವಣಿಯಲ್ಲಿ ಮಿಣಮಿಣ ಎನ್ನುತ್ತಿದ್ದ ಬಿಳಿ ದೀಪ ಮಾತ್ರ ನೆನಪಿತ್ತು. ಅಂದಿನಿಂದ ಅಮ್ಮ ಅಂಗಡಿಯಲ್ಲಿ ಪ್ರತಿ ಪ್ಯಾಕೆಟ್ಟನ್ನೂ ಮೂಗಿಗೆ ತಾಗಿಸಿಕೊಂಡು ಸಣ್ಣಕ್ಷರ ಓದುತ್ತಿದ್ದಳು. ಶಾಲೆಯಲ್ಲಿ ಸೂಜಿ ಊಟಕ್ಕೆ ಕೂರುತ್ತಿದ್ದದ್ದು ಕಿಟಕಿ ಪಕ್ಕದ ಬೆಂಚಿನಲ್ಲಿ, ಒಬ್ಬಳೇ.

ದೊಡ್ಡಾಸ್ಪತ್ರೆಯಲ್ಲಿ ಹೊಸ ಸಂಶೋಧನೆ ನಡೆಯುತ್ತಿದೆ ಎಂದು ಗೊತ್ತಾದಾಗ ಮನೆಯವರೆಲ್ಲ ಕುಣಿದಾಡಿದ್ದರು. ಅಲ್ಲಿನ ಡಾಕ್ಟರ್, ಕೂದಲಿನ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಒಬ್ಬ ಅಕ್ಕ, ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಕಡಲೆಕಾಯಿ ಪುಡಿಯನ್ನು ಮೊದಲು ಧೂಳಿನಷ್ಟು ಕೊಡುವುದು. ಮೈಗೆ ಅಭ್ಯಾಸವಾದ ಹಾಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು. ಇದು ವೈರಿ ಅಲ್ಲ ಅಂತ ಮೈಗೆ ಮೆಲ್ಲಗೆ ತಿಳಿಯುವವರೆಗೆ.

ತೋಳಿಗೆ ಒಂದು ಪಟ್ಟಿ ಅಂಟಿಸಿದ್ದರು. ಅದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಸ್ನಾನ ಮಾಡಿದರೂ ಬಿಡದು, ತೋಳು ಮಡಚಿದರೆ ಚರ್ಮದ ಜೊತೆಗೇ ಮಡಚಿಕೊಳ್ಳುವುದು. ಮೈಬಿಸಿ, ಬೆವರು, ಎದೆಬಡಿತ ಎಲ್ಲವನ್ನೂ ಅದು ಅಮ್ಮನ ಫೋನಿಗೂ ಆಸ್ಪತ್ರೆಯ ಕಂಪ್ಯೂಟರಿಗೂ ಕಳಿಸುತ್ತಿತ್ತು. ಎಲ್ಲ ಸರಿಯಿದ್ದರೆ ಫೋನಿನಲ್ಲಿ ಹಸಿರು ಚುಕ್ಕಿ. ಯಾವ ಮಗುವಿನ ಮೈ ಯಾವಾಗ ಮುನಿಯುತ್ತದೆ ಎಂದು ಮೊದಲೇ ಹೇಳುವುದಕ್ಕೆ ಆ ಕಂಪ್ಯೂಟರ್ ಕಲಿಯುತ್ತಿದೆ ಎಂದಿದ್ದರು ಡಾಕ್ಟರ್. "ನಿಮ್ಮಂಥ ಮಕ್ಕಳೇ ಅದಕ್ಕೆ ಟೀಚರ್ಸ್," ಎಂದೂ ಹೇಳಿದ್ದರು. ಆ ದಿನ ಸೂಜಿ ಮನೆಯವರೆಗೂ ಎದೆಯುಬ್ಬಿಸಿಕೊಂಡೇ ಬಂದಿದ್ದಳು.

ಮೊದಮೊದಲು ಅವಳು ನಿಜವಾಗಿಯೂ ನುಂಗುತ್ತಿದ್ದಳು. ಒಂದು ಬೆಳಗ್ಗೆ ಮಾತ್ರ ತುಟಿ ಊದಿಕೊಂಡಿತು. ಹೊಟ್ಟೆ ಹಿಂಡಿತು. ಫೋನಿನಲ್ಲಿ ಹಳದಿ ಚುಕ್ಕಿ ಬಂತು. ಅಮ್ಮ ಫೋನ್ ಮಾಡಿದಾಗ ಡಾಕ್ಟರ್ ಒಂದು ಸಿರಪ್ ಕೊಡಲು ಹೇಳಿದರು. ಇಷ್ಟು ಆಗುವುದು ಉಂಟು, ಗಾಬರಿ ಬೇಡ ಎಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಇಳಿಯಿತು. ಆದರೆ ಸೂಜಿ ಕಣ್ಣು ಮುಚ್ಚಿದರೆ ಸಾಕು, ಆ ಬಿಳಿ ದೀಪ ಮಿಣಮಿಣ ಎನ್ನುತ್ತಿತ್ತು. ಮಾರನೇ ದಿನದಿಂದ ಅವಳು ಪುಡಿಯನ್ನು ಕೆನ್ನೆಯೊಳಗೆ ಅಡಗಿಸಿ ಉಗಿಯಲು ಶುರುಮಾಡಿದಳು. ಯಾರಿಗೂ ಗೊತ್ತಾಗಲಿಲ್ಲ. ಪ್ರತಿದಿನ ಗ್ರೀನ್. ಅಮ್ಮನ ಮುಖವಂತೂ ಹಬ್ಬದ ಮನೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ, ನಾಳೆ ಆಸ್ಪತ್ರೆಯಲ್ಲಿ ಪುಡಿ ಹೆಚ್ಚು ಮಾಡುತ್ತಾರೆ ಎಂದು ನೆನಪಿಸಿದಳು. ಸೂಜಿಯ ತುತ್ತು ಅಲ್ಲೇ ನಿಂತಿತು.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ಯಾವ ವಿಷಯ ಬಂದರೂ ಲಿಫ್ಟಿನಲ್ಲೇ ಹೇಳಬೇಕು. ಹೊಸ ಲಿಫ್ಟಿಗೆ ಮೊದಲು ಜನರನ್ನು ಹತ್ತಿಸುವುದಿಲ್ಲ, ಮರಳಿನ ಚೀಲ ಒಂದೊಂದಾಗಿ ಹಾಕಿ ಹಗ್ಗ ತಡೆಯುತ್ತದೆಯೇ ನೋಡುತ್ತಾರೆ, ಡಾಕ್ಟರ್ ಮಾಡುತ್ತಿರುವುದೂ ಅಷ್ಟೇ ಎಂದ. "ನಮ್ಮ ಹಗ್ಗ ಗಟ್ಟಿ ಇದೆ ಬಿಡು," ಎಂದು ಅವಳ ಬೆನ್ನು ತಟ್ಟಿದ.

ಹಾಗಾದರೆ ಚೀಲಗಳನ್ನು ಹಾಕದೆಯೇ ಹಾಕಿದ್ದೇವೆ ಅಂದರೆ? ಆಮೇಲೆ ಒಮ್ಮೆಲೇ ದೊಡ್ಡ ಚೀಲ ಹಾಕಿದರೆ? ಕೇಳಬೇಕೆಂದು ಸೂಜಿ ಬಾಯಿ ತೆರೆದಳು. ಆದರೆ ನೀರು ಕುಡಿದು ಎದ್ದುಬಿಟ್ಟಳು.

ಮರುದಿನ ಆಸ್ಪತ್ರೆಯ ಕೋಣೆಯಲ್ಲಿ ಎರಡು ಮಂಚಗಳಿದ್ದವು. ಗೋಡೆಯ ಟೀವಿಯಲ್ಲಿ ಸದ್ದಿಲ್ಲದೆ ಕಾರ್ಟೂನ್ ಓಡುತ್ತಿತ್ತು. ಸೂಜಿ ಒಂದು ಮಂಚದಲ್ಲಿ ಕೂತಳು. ತಲೆದಿಂಬಿನ ಪಕ್ಕದ ಸ್ಕ್ರೀನಿನಲ್ಲಿ ಅವಳ ಎದೆಬಡಿತದ ಗೆರೆ ಆಗಲೇ ಮೇಲೆ ಕೆಳಗೆ ಕುಪ್ಪಳಿಸುತ್ತಿತ್ತು.

ಇನ್ನೊಂದು ಮಂಚದಲ್ಲಿ ಒಬ್ಬ ಪುಟ್ಟ ಹುಡುಗನಿದ್ದ. ಒಂದನೇ ಕ್ಲಾಸಿನವನಿರಬೇಕು. ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ತನ್ನ ಅಮ್ಮನ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದ. ಅವನಿಗೂ ಕಡಲೆಕಾಯಿ ಆಗದು. ಅವನಿಗೆ ಇವತ್ತೇ ಮೊದಲ ದಿನ.

ಡಾಕ್ಟರ್ ಬಂದು ಆ ಹುಡುಗನ ಅಮ್ಮನಿಗೆ ಸ್ಕ್ರೀನ್ ತೋರಿಸಿದರು. ಕಂಪ್ಯೂಟರಿನ ಲೆಕ್ಕದಲ್ಲಿ ಇಬ್ಬರ ಮೈಗುಣವೂ ಹೆಚ್ಚುಕಡಿಮೆ ಒಂದೇ ಎಂದರು. ಈ ಅಕ್ಕನಿಗೆ ಇಷ್ಟು ದಿನ ಗ್ರೀನ್ ಬಂದಿದೆ, ಆದ್ದರಿಂದ ಇವನೂ ಇವಳದೇ ಅಳತೆಯ ಮೆಟ್ಟಿಲುಗಳಲ್ಲಿ ಹೋಗಬಹುದು ಎಂದು ಅದು ಹೇಳುತ್ತಿದೆಯಂತೆ. ಆ ಅಮ್ಮ ನೆಮ್ಮದಿಯ ಉಸಿರು ಬಿಟ್ಟು ಸೂಜಿಯ ಕಡೆ ನೋಡಿ ನಕ್ಕಳು. ಸೂಜಿ ತಲೆ ತಗ್ಗಿಸಿ ತೋಳಿನ ಪಟ್ಟಿಯನ್ನು ಉಗುರಿನಿಂದ ಕೆರೆದಳು.

ಹುಡುಗ ಮಂಚದಿಂದ ಜಾರಿ ಅವಳ ಹತ್ತಿರ ಬಂದ. ಟೋಪಿ ಮೇಲೆತ್ತಿದ.

"ಅಕ್ಕಾ, ನುಂಗಿದ್ರೆ ಏನಾಗುತ್ತೆ?"

"ಏನೂ ಆಗಲ್ಲ ಪುಟ್ಟಾ. ಇವಳನ್ನೇ ನೋಡು, ಗುಂಡುಕಲ್ಲಿನ ಹಾಗಿದ್ದಾಳೆ," ಅಂದಳು ಸೂಜಿಯ ಅಮ್ಮ.

ಅವನು ಅಮ್ಮನ ಕಡೆ ತಿರುಗಲೇ ಇಲ್ಲ. ಸೂಜಿಯ ಬಾಯನ್ನೇ ನೋಡುತ್ತಿದ್ದ. ಅವನ ಕಣ್ಣುಗಳು ಅಗಲವಾಗಿದ್ದವು, ರೆಪ್ಪೆ ಬಡಿಯುತ್ತಿರಲಿಲ್ಲ. ಬಚ್ಚಲಿನ ಕನ್ನಡಿಯಲ್ಲಿ ಆ ಥರದ ಕಣ್ಣುಗಳನ್ನು ಅವಳು ದಿನವೂ ನೋಡಿದ್ದಳು.

ಅಷ್ಟರಲ್ಲಿ ನರ್ಸ್ ಪುಟ್ಟ ಕಪ್ ಹಿಡಿದು ಬಂದರು. ಈ ಸಲ ಪುಡಿ ಬಾಳೆಹಣ್ಣಿನ ಮೇಲೆ ಎದ್ದು ಕಾಣುತ್ತಿತ್ತು. ಅದೇ ವಾಸನೆ, ಮೊದಲಿಗಿಂತ ಗಾಢ. ಸ್ಕ್ರೀನಿನ ಗೆರೆ ಹುಚ್ಚೆದ್ದು ಕುಣಿಯಿತು. ಕೆನ್ನೆಯೊಳಗೆ ಇಟ್ಟುಕೊಳ್ಳಬಹುದೇ? ಎಲ್ಲರೂ ನೋಡುತ್ತಿದ್ದಾರೆ, ಉಗಿಯುವುದೆಲ್ಲಿ? ನುಂಗಿಬಿಟ್ಟರೆ?

"ನಾನು ನುಂಗಿಲ್ಲ."

ದನಿ ಎಷ್ಟು ಸಣ್ಣದಾಗಿತ್ತೆಂದರೆ ನರ್ಸ್ ಬಗ್ಗಿ, ಏನು ಎಂದು ಕೇಳಬೇಕಾಯಿತು.

"ಮನೇಲಿ ನಾನು ನುಂಗ್ತಾನೇ ಇರ್ಲಿಲ್ಲ. ಉಗೀತಿದ್ದೆ."

ಟೀವಿಯಲ್ಲಿ ಒಂದು ಬೆಕ್ಕು ಸದ್ದಿಲ್ಲದೆ ಮೆಟ್ಟಿಲಿಂದ ಉರುಳುತ್ತಿತ್ತು. ನರ್ಸ್ ಕಪ್ಪನ್ನು ಪಕ್ಕದ ಮೇಜಿನ ಮೇಲೆ ಇಡದೆ, ದೂರದ ಕಪಾಟಿನವರೆಗೂ ಒಯ್ದು ಒಳಗಿಟ್ಟು ಬಾಗಿಲು ಹಾಕಿದರು. ಅದನ್ನು ನೋಡಿದಾಗ ಸೂಜಿಗೆ ಇನ್ನಷ್ಟು ಹೆದರಿಕೆಯಾಯಿತು.

ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತರು. ಯಾವತ್ತಿನಿಂದ ಎಂದು ಕೇಳಿದರು. ತುಟಿ ಊದಿದ ಮಾರನೇ ದಿನದಿಂದ ಎಂದಳು ಸೂಜಿ.

"ದಿನಾನೂ?" ಅಂದಳು ಅಮ್ಮ. ಅಷ್ಟೇ ಹೇಳಿ ಎದ್ದು ಹೊರಗೆ ಹೋದಳು. ಬಾಗಿಲು ತಾನಾಗಿ ಮೆಲ್ಲಗೆ ಮುಚ್ಚಿಕೊಂಡಿತು.

ಇಷ್ಟು ದಿನ ಅಭ್ಯಾಸವೇ ಇಲ್ಲದ ಮೈಗೆ ಇವತ್ತಿನ ಅಳತೆ ಕೊಟ್ಟಿದ್ದರೆ, ಎಂದು ಶುರುಮಾಡಿದ ಡಾಕ್ಟರ್ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ತಲೆಯಿಂದ ಪೆನ್ಸಿಲ್ ಎಳೆದು ಸುಮ್ಮನೆ ಬೆರಳಲ್ಲಿ ತಿರುಗಿಸಿದರು. ಆಮೇಲೆ ಸ್ಕ್ರೀನಿನಲ್ಲಿ ಹಿಂದಿನ ದಿನಗಳ ಗೆರೆಗಳನ್ನು ತೆಗೆದು ಒಂದೊಂದನ್ನೇ ನೋಡಿದರು.

"ದಿನಾ ಬೆಳಗ್ಗೆ ನಿನ್ನ ಎದೆಬಡಿತ ಏರ್ತಿತ್ತು. ನಮಗೆ ಕಾಣ್ತಾನೇ ಇತ್ತು," ಅಂದರು. "ಸ್ಕೂಲ್ ಬಸ್ಸಿಗೆ ಓಡ್ತೀಯೇನೋ ಅಂದ್ಕೊಂಡ್ವಿ. ಅದನ್ನ ಲೆಕ್ಕಕ್ಕೆ ತಗೋಬೇಡ ಅಂತ ಕಂಪ್ಯೂಟರಿಗೆ ಹೇಳಿಬಿಟ್ವಿ. ನಿನಗೆ ಒಂದು ಫೋನ್ ಮಾಡಿ ಕೇಳ್ಬೇಕಿತ್ತು. ಕೇಳ್ಲಿಲ್ಲ."

"ನಾನು ಅದಕ್ಕೆ ತಪ್ಪು ಪಾಠ ಹೇಳ್ಕೊಟ್ನಾ?"

"ಹೂಂ. ಅಳಿಸಿ ಮತ್ತೆ ಕಲಿಸ್ಬೇಕು."

ಅವರು ಬೈಯಲಿಲ್ಲ. ಯಾರಿಗೋ ಫೋನ್ ಮಾಡಿ, ಆ ದಿನಗಳನ್ನೆಲ್ಲ ತೆಗೆದುಹಾಕಿ ಹುಡುಗನ ಲೆಕ್ಕವನ್ನು ಹೊಸದಾಗಿ ಹಾಕಲು ಹೇಳಿದರು. ಫೋನ್ ಇಟ್ಟ ಮೇಲೆ, ಮೊದಲು ತಾವು ಅಂದುಕೊಂಡದ್ದಕ್ಕಿಂತ ಕಡಿಮೆ ಪುಡಿಯಿಂದ ಅವನು ಶುರುಮಾಡುತ್ತಾನೆ, ನಿಧಾನವಾಗಿ ಏರುತ್ತಾನೆ ಎಂದು ಅವನ ಅಮ್ಮನಿಗೆ ತಿಳಿಸಿದರು. ಆ ಅಮ್ಮ ಮಗನನ್ನು ಮಡಿಲಿಗೆ ಎಳೆದುಕೊಂಡಳು. ಈ ಸಲ ಅವಳು ಸೂಜಿಯ ಕಡೆ ನೋಡಿ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ.

ಸೂಜಿಯ ಅಮ್ಮ ಒಳಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಕುತ್ತಿಗೆಯ ಹತ್ತಿರ ಬಟ್ಟೆ ಒದ್ದೆಯಾಗಿತ್ತು. ಮಂಚದ ಮೇಲೆ ಸೂಜಿಗೆ ತಾಗಿಕೊಂಡು ಕೂತಳು.

"ಹೇಳ್ಬಹುದಿತ್ತಲ್ಲೇ."

"ನೀನು ಗ್ರೀನ್ ಗ್ರೀನ್ ಅಂತ ಎಷ್ಟು ಖುಷಿಯಾಗಿದ್ದೆ."

ಅಮ್ಮ ಸೂಜಿಯ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಡಾಕ್ಟರ್ ಇನ್ನು ಮುಂದಿನದನ್ನು ಹೇಳಿದರು. ಇಲ್ಲಿಗೇ ನಿಲ್ಲಿಸಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಗೆ ಹೋಗಿ ಯೋಚಿಸಿ ಇನ್ನೊಂದು ದಿನ ಬರಬಹುದು. ಇಲ್ಲವೆಂದರೆ ಮೊದಲನೇ ದಿನದ ಧೂಳಿನಷ್ಟು ಪುಡಿಯಿಂದ ಇಲ್ಲೇ ಮತ್ತೆ ಶುರುಮಾಡಬಹುದು, ಸಂಜೆಯವರೆಗೂ ತಾವು ಪಕ್ಕದಲ್ಲೇ ಇರುತ್ತೇವೆ ಎಂದರು. ಅಮ್ಮ ತಟ್ಟನೆ ಮನೆಗೆ ಹೋಗೋಣ ಎಂದಳು. ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡಳು.

ಸೂಜಿಗೂ ಓಡಿಹೋಗಬೇಕು ಅನ್ನಿಸಿತು. ಕಾಲು ಮಂಚದಿಂದ ಕೆಳಗೆ ಇಳಿದೂ ಆಗಿತ್ತು. ಆದರೆ ಹುಡುಗ ಇನ್ನೂ ಅವಳನ್ನೇ ನೋಡುತ್ತಿದ್ದ. ಅವನ ಪ್ರಶ್ನೆಗೆ ಅವಳು ಉತ್ತರ ಕೊಟ್ಟಿರಲಿಲ್ಲ.

"ಬಾಯಿ ತುರಿಸುತ್ತೆ," ಅಂದಳು ಅವನಿಗೆ. "ಒಂದ್ಸಲ ನಂಗೆ ತುಟಿ ಊದಿತ್ತು, ಹೊಟ್ಟೆ ನೋವು ಬಂದಿತ್ತು. ಆಮೇಲೆ ಹೋಯ್ತು. ನಂಗೆ ತುಂಬಾ ಭಯ ಆಯ್ತು. ಈಗ್ಲೂ ಆಗ್ತಿದೆ."

ಹುಡುಗ ಯೋಚಿಸಿದ. "ಆಂಬುಲೆನ್ಸ್ ಬರುತ್ತಾ?"

"ಅದು ಬರೋದೇ ಇಲ್ಲಿಗೆ. ನಾವು ಇಲ್ಲೇ ಇದ್ದೀವಲ್ಲ."

"ಹೌದಲ್ಲ," ಅಂದ ಅವನು. ಬ್ಯಾಗಿನ ಪಟ್ಟಿ ಹಿಡಿದಿದ್ದ ಕೈ ಸ್ವಲ್ಪ ಸಡಿಲವಾಯಿತು.

ಸೂಜಿ ಕಾಲನ್ನು ಮತ್ತೆ ಮಂಚದ ಮೇಲೆ ಎಳೆದುಕೊಂಡಳು. ಧೂಳಿನಷ್ಟೇ ಸಾಕು ಎಂದಳು. ಅಮ್ಮ ಡಾಕ್ಟರ್ ಮುಖ ನೋಡಿದಳು, ಮಗಳ ಮುಖ ನೋಡಿದಳು, ಕೊನೆಗೆ ಬ್ಯಾಗನ್ನು ಕೆಳಗಿಟ್ಟಳು.

ಹೊಸ ಕಪ್ ಬಂತು. ಸೂಜಿ ಈ ಸಲ ಕಣ್ಣು ಮುಚ್ಚಲಿಲ್ಲ. ಬಾಳೆಹಣ್ಣು ಅಭ್ಯಾಸಬಲದಿಂದ ಬಲಗೆನ್ನೆಯ ಕಡೆಗೇ ಹೊರಟಿತು. ಅವಳು ಅದನ್ನು ನಾಲಗೆಯಿಂದ ಹಿಂದಕ್ಕೆ ತಂದು ನುಂಗಿದಳು. ಅದು ಗಂಟಲಿನಲ್ಲಿ ಇಳಿಯುವುದು ಗೊತ್ತಾಯಿತು. ಇನ್ನು ಹಿಂದಕ್ಕೆ ತರುವ ಹಾಗಿಲ್ಲ. ಬಿಳಿ ದೀಪ ಇನ್ನೇನು ಬಂದೇಬಿಡುತ್ತದೆ ಅನ್ನಿಸಿತು.

"ಈಗ ಏನಾಗ್ತಿದೆ?" ಎಂದು ಹುಡುಗ ಕೇಳಿದ.

"ನಾಲಗೆ ತುದಿ ಜುಮ್ ಅಂತಿದೆ." ಅವಳು ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಡಾಕ್ಟರ್ ಬಂದು ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಪರವಾಗಿಲ್ಲ, ನೋಡುತ್ತಿರೋಣ ಎಂದರು.

"ಈಗ?"

"ಇನ್ನೂ ಜುಮ್."

"ಈಗ?"

"ಸ್ವಲ್ಪ ತಡಿ ಮಾರಾಯ. ಪದೇಪದೇ ಕೇಳಿದ್ರೆ ಅದಕ್ಕೂ ಗಾಬರಿಯಾಗುತ್ತೆ."

ನರ್ಸ್ ಮುಖ ತಿರುಗಿಸಿಕೊಂಡು ನಕ್ಕರು. ಕಾರ್ಟೂನ್ ಮುಗಿದು ಇನ್ನೊಂದು ಶುರುವಾಯಿತು. ಜುಮ್ ಅನ್ನುವುದು ತೆಳ್ಳಗಾಗುತ್ತಾ ಹೋಗಿ ಯಾವಾಗ ನಿಂತಿತೋ ಅವಳಿಗೇ ತಿಳಿಯಲಿಲ್ಲ. ನಿಂತಿತು ಎಂದು ಅದನ್ನೂ ಗಟ್ಟಿಯಾಗಿ ಹೇಳಿದಳು.

ಆಮೇಲೆ ಹುಡುಗನ ಸರದಿ. ಅವನು ಟೋಪಿ ತೆಗೆದು ಅಮ್ಮನ ಕೈಗೆ ಕೊಟ್ಟ. ಚಮಚ ಒಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು. ಅವನು ನುಂಗಿದ. ಕೆನ್ನೆ ಎರಡೂ ಚಪ್ಪಟೆಯಾಗಿರುವುದನ್ನು ಸೂಜಿ ನೋಡಿದಳು.

ಸ್ವಲ್ಪ ಹೊತ್ತು ಅವನು ಅಲುಗಾಡದೆ ಕೂತಿದ್ದ. ಎಲ್ಲರೂ ಸ್ಕ್ರೀನ್ ನೋಡುತ್ತಿದ್ದರು. ಸ್ಕ್ರೀನ್ ಹಸಿರಾಗಿಯೇ ಇತ್ತು. ಸೂಜಿ ಮಾತ್ರ ಅವನ ಮುಖ ನೋಡುತ್ತಿದ್ದಳು. ಅವನ ಕೆಳತುಟಿ ನಡುಗಿತು. ಆದರೆ ತನ್ನ ಅಮ್ಮನ ಕಡೆ ತಿರುಗಿದವನೇ ಬೇಗ ಒಂದು ನಗು ತಂದುಕೊಂಡ.

ಸೂಜಿ ತನ್ನ ಮಂಚದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಇಲ್ಲಿ ಬಾ," ಅಂದಳು. "ಎಲ್ಲಿ ಜುಮ್ ಅಂತಿದೆ, ನಂಗೆ ಹೇಳು."