ಮರಳುದಿಬ್ಬದ ಲೂಪಿನ್

"ಆ ಗುದ್ದಲಿ ಕೆಳಗಿಡಿ."

ಆರ್ಲೀನ್ ಜೀಪಿನಿಂದ ಇಳಿಯುತ್ತಲೇ ಹೇಳಿದಳು. ರಸ್ತೆಬದಿಯ ಮರಳಿನಲ್ಲಿ ಮಂಡಿಯೂರಿದ್ದವನು ತಿರುಗಿ ನೋಡಿದ. ನಲವತ್ತು ದಾಟಿದ ವಯಸ್ಸು, ಗ್ರೀಸ್ ಮೆತ್ತಿದ ಅಂಗಿ. ಮೇ ತಿಂಗಳು, ಓಕ್ ಮರಗಳ ನಡುವೆ ಕಾಡು ಲೂಪಿನ್ ಹೂವು ನೀಲಿಯಾಗಿ ಅರಳಿತ್ತು.

"ಒಂದೇ ಗಿಡ ಮೇಡಂ."

"ಒಂದಾದ್ರೂ ಸಾಯುತ್ತೆ. ತಾಯಿಬೇರು ಆಳಕ್ಕೆ ಇಳಿದಿರುತ್ತೆ. ಕಿತ್ತರೆ ಬದುಕಲ್ಲ."

"ಓ, ಅದಕ್ಕೇ ಹೋದ ವರ್ಷ ಮೂರೂ ಸತ್ತವು."

"ಹೋದ ವರ್ಷಾನೂ ಕದ್ದಿದ್ರಾ?"

ಅವನ ಕಿವಿ ಕೆಂಪಾಯಿತು. ಜಿಲ್ಲೆಯ ಕಾಡುಗಿಡಗಳನ್ನು ಕಾಯುವುದೇ ಅವಳ ಕೆಲಸ, ದಂಡ ಹಾಕಬಹುದಿತ್ತು. ಆದರೆ ಆ ಕಿವಿಗಳನ್ನು ನೋಡಿ ನಗು ಬಂದುಬಿಟ್ಟಿತು.

ಅವನ ಹೆಸರು ಕ್ಲೆಮ್ ಬುರ್ಜಿನ್ಸ್ಕಿ, ಟ್ರ್ಯಾಕ್ಟರ್ ಮೆಕ್ಯಾನಿಕ್. ಅಮ್ಮ ಆಗ್ನೆಸ್‌ಗೆ ಕಣ್ಣು ಮಂದವಾಗುತ್ತಿತ್ತು. ಮನೆ ಹಿಂದಿನ ದಿಬ್ಬ ತನ್ನ ಬಾಲ್ಯದಲ್ಲಿದ್ದಂತೆ ನೀಲಿಯಾಗುವುದನ್ನು, ಕಣ್ಣು ಪೂರ್ತಿ ಕತ್ತಲಾಗುವ ಮೊದಲು, ಒಮ್ಮೆ ನೋಡಬೇಕೆಂಬುದು ಅವಳ ಆಸೆ.

"ನರ್ಸರಿಯಿಂದ ತಂದು ನೆಟ್ಟೆ. ಅಮ್ಮ ಎಲೆ ಮುಟ್ಟಿ, ಇದಲ್ಲ ಅಂದುಬಿಟ್ಲು."

ಆರ್ಲೀನ್ ಅವರ ಮನೆಗೆ ಹೋಗಿ ನೋಡಿದಳು. ಆಗ್ನೆಸ್ ಹೇಳಿದ್ದು ಸರಿಯಾಗಿತ್ತು. ಎದೆಯೆತ್ತರದ ಆ ತೋಟದ ಲೂಪಿನ್‌ನ ಒಂದೊಂದು ಎಲೆಗೂ ಬೆರಳುಗಳಂತೆ ಹರಡಿದ ಹದಿನೈದು ಎಸಳು.

"ನಮ್ಮದಕ್ಕೆ ಏಳೋ ಎಂಟೋ, ಅಲ್ವಾ ಮಗಳೇ?" ಆಗ್ನೆಸ್ ಕೇಳಿದಳು.

"ಹೌದಮ್ಮ. ಹತ್ತರ ಮೇಲೆ ಅಪರೂಪ. ಈ ಕಡೆಯ ಪುಟ್ಟ ನೀಲಿ ಚಿಟ್ಟೆಯ ಮರಿಹುಳ ತಿನ್ನೋದೂ ಈ ಕಾಡಿನದನ್ನೇ."

ಆ ಬೇಸಿಗೆಯಲ್ಲಿ, ಜಮೀನಿನ ಒಡೆಯರ ಒಪ್ಪಿಗೆ ಪಡೆದು, ಇಬ್ಬರೂ ಬೀಜಕ್ಕೆ ಹೋದರು. ಒಣಗಿದ ಕಾಯಿಗಳು ಪಟಪಟನೆ ಸಿಡಿದು ಬೀಜ ದೂರ ಹಾರಿಬಿಡುತ್ತವೆ. ಅದಕ್ಕೆ ಮೊದಲೇ ಕಾಯಿಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಗಂಟು ಹಾಕುವಾಗ ಅವನ ಒರಟು ಬೆರಳು ಅವಳದಕ್ಕೆ ತಾಗಿತು. ಇಬ್ಬರೂ ಗಂಟನ್ನೇ ನೋಡುತ್ತ ನಿಂತರು. ಅಷ್ಟು ಹೊತ್ತು ನೋಡುವಂಥದ್ದು ಆ ಗಂಟಿನಲ್ಲಿ ಏನೂ ಇರಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಬೀಜಗಳನ್ನು ಗಟ್ಟಿ ಸಿಪ್ಪೆ ಸವೆಯುವಂತೆ ಮರಳುಕಾಗದದಿಂದ ಉಜ್ಜಿ, ಒಂದು ದಿನ ನೀರಲ್ಲಿ ನೆನೆಸಿ, ಲೂಪಿನ್ ಬೆಳೆದ ನೆಲದ ಮಣ್ಣು ಒಂದಿಷ್ಟು ಬೆರೆಸಿ ಮನೆ ಹಿಂದಿನ ದಿಬ್ಬದಲ್ಲಿ ಬಿತ್ತಿದರು.

"ಇನ್ನು ಗೊಬ್ಬರ ಬೇಡ," ಎಂದಳು ಆರ್ಲೀನ್. "ಬೇರೂರಿದ ಮೇಲೆ ನೀರೂ ಬೇಡ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು."

ಆದರೂ ಅವಳು ಪ್ರತಿ ಶನಿವಾರ ಬಂದಳು. ಹಿಮ ಬಿದ್ದಾಗಲೂ ಬಂದಳು. ಮದುವೆ ಮುರಿದ ಮೇಲೆ ತನಗಾಗಿ ಯಾರೋ ಕಾಫಿ ಬಿಸಿಯಾಗಿಟ್ಟು ಕಾಯುವುದನ್ನೇ ಅವಳು ಮರೆತಿದ್ದಳು. ಇಲ್ಲಿ ಒಲೆಯ ಮೇಲೆ ಕಾಫಿ, ತಟ್ಟೆಯಲ್ಲಿ ಆಗ್ನೆಸ್ ಕೈಯಳತೆಯಲ್ಲೇ ಮಾಡಿದ ಪಿಯರೋಗಿ ಕಡುಬು, ಬಾಗಿಲಲ್ಲಿ ಕ್ಲೆಮ್. ಹಿಂದಿರುಗುವ ದಾರಿಯುದ್ದಕ್ಕೂ ಅವಳಿಗೆ ಯಾರಿಗಾದರೂ ಕೈಮುಗಿಯಬೇಕು ಅನ್ನಿಸುತ್ತಿತ್ತು.

ಬಿತ್ತಿದ ಮೇಲಿನ ಮೂರನೇ ಮೇ ತಿಂಗಳಲ್ಲಿ ದಿಬ್ಬ ಅರಳಿತು. ಕ್ಲೆಮ್ ಅಮ್ಮನ ಕೈಹಿಡಿದು ನಡೆಸಿಕೊಂಡು ಬಂದ.

ಆಗ್ನೆಸ್ ಕಣ್ಣು ಕಿರಿದಾಗಿಸಿ ದಿಬ್ಬದತ್ತ ಮುಖ ಮಾಡಿದಳು. "ಹೂವು ಕಾಣಲ್ಲ ಮಗಳೇ. ನೀಲಿ ಕಾಣುತ್ತೆ. ನೆಲದ ಮೇಲೆಲ್ಲ ನೀಲಿ." ಅವಳು ಆರ್ಲೀನಳ ಕೆನ್ನೆ ಸವರಿದಳು. "ದೇವರು ನಿನ್ನ ಚೆನ್ನಾಗಿಟ್ಟಿರಲಿ." ಆಮೇಲೆ ಮಗನತ್ತ ತಿರುಗಿದಳು. "ಎರಡು ವರ್ಷ ಬರೀ ಎಲೆ ನೋಡೋಕೆ ಯಾವ ಹೆಂಗಸೂ ಇಪ್ಪತ್ತು ಮೈಲಿ ಬರಲ್ಲ ಕಣೋ. ನನಗೇ ಕಾಣಿಸುತ್ತೆ, ನಿನಗೆ ಕಾಣಲ್ವಾ?"

ಅಷ್ಟು ಹೇಳಿ, ಬೇಲಿ ಹಿಡಿದುಕೊಂಡು ಮನೆಯತ್ತ ಹೋದಳು.

ಕ್ಲೆಮ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನಿಮಗೆ ಉತ್ತರದ ಕಡೆ ವರ್ಗ ಆಗಿದೆ ಅಂತ ಕೇಳಿದೆ. ಒಳ್ಳೆ ಕೆಲಸವಂತೆ. ಅಡ್ಡ ಬರೋಕೆ ನಾನ್ಯಾರು ಅಂತ ಸುಮ್ಮನಿದ್ದೆ. ಅಮ್ಮನಿಗೆ ನೀವು ಮಾಡಿದ್ದನ್ನ ಈ ಜನ್ಮದಲ್ಲಿ ಮರೆಯಲ್ಲ. ಆದ್ರೆ ಶನಿವಾರ ನಾನು ಕಾಯ್ತಿದ್ದದ್ದು ಅಮ್ಮನಿಗೋಸ್ಕರ ಅಲ್ಲ."

"ಮತ್ತೆ?"

"ಶುಕ್ರವಾರ ಸಂಜೆಯಿಂದಲೇ ರಸ್ತೆ ನೋಡ್ತಿರ್ತೀನಿ. ನಾಚಿಕೆಗೇಡು. ನಲವತ್ತೇಳು ವರ್ಷ ನನಗೆ."

ಆರ್ಲೀನ್ ಅವನ ಕೈಯಿಂದ ಟೋಪಿ ತೆಗೆದುಕೊಂಡಳು. ಅದಿಲ್ಲದೆ ಅವನ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಮಂಗಳವಾರವೇ ವರ್ಗ ಬೇಡ ಅಂತ ಬರೆದುಕೊಟ್ಟೆ," ಎಂದಳು. "ನಿಮಗೆ ಹೇಗೆ ಹೇಳೋದು ಅಂತ ನಾಲ್ಕು ದಿನದಿಂದ ಒದ್ದಾಡ್ತಿದ್ದೀನಿ."

ಅವನ ಕಿವಿಯಿಂದ ಕತ್ತಿನವರೆಗೂ ಕೆಂಪೇರಿತು.

"ಊಟಕ್ಕೆ ಇರ್ತೀರಾ?"

"ಇರ್ತೀನಿ," ಎಂದಳು ಆರ್ಲೀನ್. "ನೀನು ಮೊದಲು ನನ್ನ 'ನೀವು' ಅನ್ನೋದು ಬಿಡು."