ಎರಡು ಟ್ರಾನ್ಸಿಸ್ಟರುಗಳ ಹೆಗಲು

ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂದಾಗ ಅವಳು ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಬೀಗ ಕೈಯಲ್ಲೇ ಉಳಿಯಿತು.

ಅಪ್ಪ ಇನ್ನಿಲ್ಲ!

ಸಂಜೆ, ಬಂದವರೆಲ್ಲ ಹೋದ ಮೇಲೆ, ಮನೆಗೆ ಹೊಂದಿಕೊಂಡ ಅಂಗಡಿಯ ಹೊಸ್ತಿಲಲ್ಲಿ ಅವನು ನಿಂತಿದ್ದ. ಅಪ್ಪನ ಶಿಷ್ಯ. ಅವನು ಹಾಕಿದ ಬೆಸುಗೆ ಎಂದೂ ಬಿಡದೆಂದು ಅಪ್ಪ ಅವನನ್ನು 'ಬೆಸುಗೆ' ಎಂದೇ ಕರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ಅಪ್ಪನೊಡನೆ ಜಗಳವಾಡಿ, ಅವಳಿಗೆ ಒಂದು ಮಾತೂ ಹೇಳದೆ ಹೋಗಿದ್ದ.

"ಈಗ ಬಂದೆಯಾ? ಅವರು ಇದ್ದಾಗ ಬರೋಕೆ ಕಾಲು ನೋಯ್ತಿತ್ತಾ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಮೂಲೆಯ ಕುರ್ಚಿಯಿಂದ ಅಜ್ಜಿ ಕೂಗಿದರು. "ಬೆಸುಗೆ ತಾನೇ? ಸೊರಗಿದ್ದೀಯಲ್ಲೋ! ಜಗಳ ಆಡಿದೋರು ಊಟ ಬಿಡಬಾರದು ಕಣೋ." ಆಮೇಲೆ ಅವರ ದನಿ ಕುಸಿಯಿತು. "ನನ್ನ ಮಗನ ಮಾತು ಒಂದ್ಸಲ ಕೇಳಿಸ್ರೋ..."

ಅಜ್ಜಿಗೆ ಕಿವಿ ಮಂದ. ದಿನವೂ ಬೆಳಿಗ್ಗೆ ಅಪ್ಪ ಅವರ ಕಿವಿಯ ಬಳಿ ಕೂತು ಪ್ರಾರ್ಥನೆ ಹೇಳುತ್ತಿದ್ದರು. ಆಸ್ಪತ್ರೆಗೆ ಹೋಗುವ ಮುನ್ನ ಅದನ್ನೇ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಅಜ್ಜಿಗೆ ಕೇಳುವಂತೆ ದನಿ ಹಿಗ್ಗಿಸಲೆಂದು ಎಂಟು ತಿಂಗಳ ಹಿಂದೆಯೇ ಕಟ್ಟತೊಡಗಿದ್ದ ಆಂಪ್ಲಿಫೈಯರ್ ಮಾತ್ರ ಮೇಜಿನ ಮೇಲೆ ಅರ್ಧಕ್ಕೇ ನಿಂತಿತ್ತು.

ಅವಳು ಸ್ವಿಚ್ ಒತ್ತಿದಳು. ಟೇಪು ತಿರುಗಿತು. ಗರಗರ... ಅಪ್ಪನ ಮೆಲ್ಲನೆಯ ಮಾತುಗಳೆಲ್ಲ ನಡುವೆಯೇ ಸತ್ತುಹೋಗುತ್ತಿದ್ದವು.

"ಈ ಐಸಿ ಚಿಪ್ ಪುಟ್ಟದು," ಅವನು ಮೆಲ್ಲಗೆ ಹೇಳಿದ. "ದನಿ ಚೆನ್ನಾಗೇ ಕೊಡುತ್ತೆ. ಸ್ಪೀಕರ್ ತಳ್ಳೋಕೆ ಬೇಕಾದಷ್ಟು ಕರೆಂಟ್ ಇದರ ಕೈಲಿ ಆಗಲ್ಲ. ಅದಕ್ಕೇ ಗುರುಗಳು ಈ ಎರಡು ಟ್ರಾನ್ಸಿಸ್ಟರುಗಳ ಹೆಗಲು ಕೊಡಿಸಿದ್ರು."

"ಮತ್ತೆ ಯಾಕೆ ಹೀಗೆ?"

ಅವನು ಪೆಟ್ಟಿಗೆಯತ್ತ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡ.

ಅವಳು ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ಎತ್ತಿದಳು. ಅಡಿಯಲ್ಲಿ ಸರ್ಕ್ಯೂಟಿನ ಚಿತ್ರವಿತ್ತು. ಒಂದು ಗೆರೆಯನ್ನು ಹೊಡೆದುಹಾಕಿ, ನಡುಗುವ ಕೈಯಿಂದ ಇನ್ನೊಂದನ್ನು ಎಳೆದಿದ್ದರು. ಪಕ್ಕದಲ್ಲಿ ಅಪ್ಪನ ಅಕ್ಷರ: 'ಬೆಸುಗೆ ಹೇಳಿದ್ದೇ ಸರಿ. ಬಂದರೆ ಅವನ ಕೈಯಿಂದಲೇ ಮಾಡಿಸು.'

"ಇದಕ್ಕೇನಾ ಜಗಳ?"

"ಹೊರಗೆ ಹೋದ ದನೀನ ಐಸಿಗೆ ವಾಪಸ್ ತಿಳಿಸೋ ತಂತೀನ ಗುರುಗಳು ಐಸಿ ಕಾಲಿಂದಲೇ ತಗೊಂಡಿದ್ರು. ಟ್ರಾನ್ಸಿಸ್ಟರ್ ದಾಟಿದ ಮೇಲೆ ತಗೋಬೇಕು ಅಂದೆ. ಹೊರಗೆ ನಡಿ ಅಂದ್ರು. ಅವರು ತಪ್ಪಿದ್ರು ಅಂತ ನಿನ್ನೆದುರು ಹೇಗೆ ಹೇಳ್ಲಿ?"

'ಇವನಿಗೆ ನಾನೇ ಬೇಡವಾದೆ ಅಂದುಕೊಂಡಿದ್ದೆನಲ್ಲ...' ಅವಳು ಅಪ್ಪನ ಚಿತ್ರವನ್ನು ಅವನತ್ತ ಸರಿಸಿದಳು.

ಅವನು ಬೆಸುಗೆ ಕಡ್ಡಿಯನ್ನು ಕಾಯಿಸಿದ. ಒಂದೇ ತಂತಿ ಬಿಚ್ಚಿ, ಎರಡು ಟ್ರಾನ್ಸಿಸ್ಟರುಗಳು ಕೂಡುವಲ್ಲಿ ಬೆಸೆದ.

"ಇನ್ನು ಸ್ಪೀಕರಿಗೆ ನಿಜವಾಗಿ ಏನು ತಲುಪ್ತಿದೆ ಅಂತ ಐಸಿಗೆ ಗೊತ್ತಾಗುತ್ತೆ. ಕೊರತೆಯನ್ನ ತಾನೇ ತುಂಬಿಕೊಳ್ಳುತ್ತೆ."

ಅವಳು ಸ್ವಿಚ್ ಒತ್ತಿದಳು.

ಅಪ್ಪ ಮಾತಾಡಿದರು!

ಉಸಿರೆಳೆದದ್ದು, ಗಂಟಲು ಸರಿಮಾಡಿಕೊಂಡದ್ದು, ಆಮೇಲೆ ಆ ಮೆಲುದನಿ... ಕೋಣೆ ತುಂಬಿತು. ಡಬ್ಬದಲ್ಲಿದ್ದ ಸ್ಕ್ರೂಗಳು ಸಣ್ಣಗೆ ನಡುಗಿದವು. ಉಗುರಿನಷ್ಟೇ ಇರುವ ಆ ಚಿಪ್ ಇಷ್ಟನ್ನು ಹೊತ್ತು ನಿಂತಿದೆಯೇ? ಅವಳಿಗೆ ಮೈ ಜುಮ್ಮೆಂದಿತು. ಅಜ್ಜಿ ಬರಿಗೈಯನ್ನು ಸ್ಪೀಕರಿನ ಮೇಲಿಟ್ಟು, ಮಗನ ಎದೆ ಮುಟ್ಟುವಂತೆ ಕಣ್ಣು ಮುಚ್ಚಿದರು.

"ಎಂಟು ತಿಂಗಳು ದಿನಾ ಬೀದಿ ತುದಿವರೆಗೂ ಬರ್ತಿದ್ದೆ," ಅವನೆಂದ. "ನಿನ್ನ ನೋಡಿ ಹೋಗ್ತಿದ್ದೆ. ನೀನಂದ್ರೆ ನಂಗೆ ಪ್ರಾಣ."

"ಹಾಗಾದ್ರೆ ಇನ್ನು ಹೋಗಬೇಡ."

"ಹೋಗಲ್ಲ."

ಪ್ರಾರ್ಥನೆ ಮುಗಿಯಿತು. ಆ ಮೌನದಲ್ಲಿ ಅಜ್ಜಿ ಕೈ ಜೋಡಿಸಿದರು.

"ದೇವರೇ, ಇಷ್ಟು ದಿನ ನನ್ನ ಮಗ ನನಗೋಸ್ಕರ ನಿನ್ನನ್ನು ಕರೆದ. ಈಗ ಅವನಿಗೋಸ್ಕರ ನಾನು ಕರೀತಿದ್ದೀನಿ. ದಣಿದು ನಿನ್ನ ಬಳಿ ಬಂದಿದ್ದಾನೆ. ಅವನಿಗೆ ಶಾಂತಿ ಕೊಡು, ತಂದೆ."