ಕೇಬಲ್‌ನೊಳಗೆ ಸೂಜಿ

ಕೇಬಲ್‌ನ ಕಪ್ಪು ಸಿಪ್ಪೆಯೊಳಗೆ ಸೂಜಿಯೊಂದು ಹೊಕ್ಕು ಕೂತಿತ್ತು. ಖುರ್ಷಿದ್ ಪಾಷಾನ ಮೈ ಉರಿದುಹೋಯಿತು.

೧೯೭೭ರ ನವೆಂಬರ್. ಆಂಧ್ರದ ಕರಾವಳಿಗೆ ಚಂಡಮಾರುತ ಬಡಿದಿತ್ತು. ಪಾಷಾನ ಅಣ್ಣ ಬಾಬಾ ಜಾನ್ ಲಾರಿ ಓಡಿಸಿಕೊಂಡು ಆ ಕಡೆಗೇ ಹೋಗಿದ್ದ. ಅಲ್ಲಿನ ಹ್ಯಾಮ್ ರೇಡಿಯೊದವರು, ಪಾಷಾನಂತೆಯೇ ಮನೆಯ ಸೆಟ್ಟಿನಿಂದ ದೂರದವರೊಡನೆ ಮಾತಾಡುವ ಹವ್ಯಾಸಿಗಳು, ಬದುಕುಳಿದವರ ಹೆಸರು ಓದುವ ಸಂಜೆಯೇ ಕುಣಿಗಲ್ಲಿನಲ್ಲಿ ಪಾಷಾನ ಸೆಟ್ಟು ಮೂಕವಾಯಿತು. ಸೆಟ್ಟೇ ಕೆಟ್ಟಿತೆಂದು ಬಿಚ್ಚಿ ಹಾಕಿ ಸೋತ. ಕೊನೆಗೆ ಮರುದಿನ ಬೆಳಿಗ್ಗೆ ತುಮಕೂರಿನ ಹ್ಯಾಮ್, ಕಾಲೇಜಿನಲ್ಲಿ ಪಾಠ ಹೇಳುವ ಗಂಗಾಂಬಿಕೆಯವರನ್ನು ಕರೆಸಿಕೊಂಡ. ಆಂಟೆನಾದಿಂದ ಇಳಿದ ಕೇಬಲ್ ಮೇಲೆ ಬೆರಳಾಡಿಸಿ ಸೂಜಿ ಪತ್ತೆ ಮಾಡಿದವರು ಅವರೇ.

ಅಷ್ಟರಲ್ಲಿ ಗುಬ್ಬಿಯ ಹ್ಯಾಮ್ ಶಿವರಾಮಯ್ಯ ಬಂದರು. ಹೆಗಲ ಮೇಲೆ ತಂತಿಯ ಸುರುಳಿ— ಎರಡು ಬರಿತಂತಿಗಳ ನಡುವೆ ಬಿದಿರುಕಡ್ಡಿ ಕಟ್ಟಿದ, ಆಂಟೆನಾದಿಂದ ಸೆಟ್ಟಿಗೆ ಇಳಿಸುವ ಏಣಿಯಂಥ ಫೀಡರ್. ಕೇಬಲ್ಲಿಗಿಂತ ಇದೇ ಮೇಲೆಂದು ಅವರು ಪಾಷಾನೊಡನೆ ವಾರಗಟ್ಟಲೆ ಜಗಳವಾಡಿದ್ದರು.

"ನಾನ್ ಹೇಳ್ಲಿಲ್ವೇನಪ್ಪಾ? ಈ ಕೇಬಲ್ ಕೈ ಕೊಡ್ತದೆ ಅಂತ!"

"ಕೈ ಕೊಟ್ಟಿಲ್ಲ, ಚುಚ್ಚವ್ರೆ! ಪಕ್ಕದ್ಮನೆ ಕುಲ್ಸುಂ ಬೀದೇ ಕೆಲ್ಸ. ಬಟ್ಟೆ ಹೊಲಿಯೋಳು, ಸೂಜಿ ಇನ್ಯಾರ ಹತ್ರ ಇರ್ತದೆ? ಅವಳ ರೇಡಿಯೋದಲ್ಲಿ ನನ್ನ ಸೆಟ್ಟಿನ ಗೊರಗೊರ ಬರ್ತದೆ ಅಂತ ಮೊನ್ನೆ ಬೈದ್ಳಲ್ಲ!"

ಕಾಂಪೌಂಡಿನಾಚೆಯಿಂದ ಕುಲ್ಸುಂ ಬೀ ಸಿಡಿದಳು. "ಏನೋ ಅಂದೆ?"

"ನಿಮಗೆ ಸಿಟ್ಟು ಬಂದಿದ್ರೆ ಏನ್ ಮಾಡ್ತಿದ್ರಿ?" ಗಂಗಾಂಬಿಕೆ ಕೇಳಿದರು.

"ಕತ್ತರೀಲಿ ಕಚಕ್ ಅನ್ನಿಸ್ತಿದ್ದೆ! ಕತ್ತರಿ ಕೈಯಲ್ಲೇ ಇರೋವಾಗ ಸೂಜಿ ಯಾಕ್ ಹುಡುಕ್ಲಿ?"

"ಸರಿಯಾಗ್ ಹೇಳಿದ್ರಿ. ರೇಡಿಯೊ ನಿಲ್ಲಿಸ್ಬೇಕು ಅನ್ನೋರು ಕತ್ತರಿಸ್ತಾರೆ. ಇದು ಹೊರಗಿನ ಜಾಲರಿ, ಒಳಗಿನ ತಾಮ್ರ ಎರಡಕ್ಕೂ ತಾಕಿ ಶಾರ್ಟ್ ಆಗೋ ಹಾಗೆ ಇಳಿಸಿ, ಕಾಣದ ಹಾಗೆ ತಲೆ ಮುರಿದಿರೋ ಸೂಜಿ. ಕೇಬಲ್ಲೇ ಸರಿಯಿಲ್ಲ ಅನ್ನಿಸ್ಬೇಕಿತ್ತು." ಅವರು ತಿರುಗಿದರು. "ಶಿವರಾಮಯ್ಯನವ್ರೇ, ಇಲ್ಲಿ ಕೆಟ್ಟಿದೆ ಅಂತ ನಿಮಗ್ಯಾರು ಹೇಳಿದ್ರು?"

"ನಿನ್ನೆ ಸಂಜೆ ರೇಡಿಯೊದಲ್ಲಿ ಇವನ ದನಿ ಕೇಳ್ಲಿಲ್ಲ—"

"ಸೆಟ್ ಕೆಟ್ಟಿರ್ಬೋದಿತ್ತು. ಕರೆಂಟ್ ಹೋಗಿರ್ಬೋದಿತ್ತು. ನೀವು ಮಾತ್ರ ಹೊಸ ಫೀಡರ್ ಹೊತ್ಕೊಂಡೇ ಬಂದ್ರಿ. ಹೋಗಿದ್ದು ಕೇಬಲ್ಲೇ ಅಂತ ಹೇಗೆ ಗೊತ್ತಾಯ್ತು?"

ಶಿವರಾಮಯ್ಯನವರ ಮುಖ ಕಪ್ಪಿಟ್ಟಿತು.

"ನಿನ್ನೆ... ನೀನು ಅಂಗಡೀಲಿದ್ದಾಗ ಬಂದಿದ್ದೆ ಪಾಷಾ. ವಾದ ಗೆಲ್ಬೇಕು ಅಂತ, ಅಷ್ಟೇ. ನಿಮ್ಮಣ್ಣ ಆ ಕಡೆ ಹೋಗವ್ನೆ ಅಂತ ಗೊತ್ತಿರ್ಲಿಲ್ಲ ಕಣಪ್ಪ."

"ಗೊತ್ತಿದ್ದಿದ್ರೆ? ಇನ್ಯಾರ್ದೋ ಅಣ್ಣ ಸಾಯೋ ದಿನ ನೋಡಿ ಚುಚ್ತಿದ್ರಾ?" ಎಂದ ಪಾಷಾ.

ಗಂಗಾಂಬಿಕೆ ಆ ತುಂಡು ಕತ್ತರಿಸಿ ತೆಗೆದು, ಕೇಬಲ್ ಬೆಸೆದರು. ಮಧ್ಯಾಹ್ನದ ಹೊತ್ತಿಗೆ ಸೆಟ್ಟಿನಲ್ಲಿ ಸುದ್ದಿ ಬಂತು— ಬಾಬಾ ಜಾನ್ ಬದುಕಿದ್ದ, ಶಾಲೆಯೊಂದರಲ್ಲಿ ಆಸರೆ ಪಡೆದಿದ್ದ. ಪಾಷಾ ಮುಖ ಮುಚ್ಚಿಕೊಂಡು ಅತ್ತ.

"ದೇವ್ರು ದೊಡ್ಡೋನು," ಎಂದರು ಮೆಟ್ಟಿಲ ಬಳಿ ಇನ್ನೂ ನಿಂತಿದ್ದ ಶಿವರಾಮಯ್ಯ.

ಪಾಷಾ ತಲೆಯೆತ್ತಲಿಲ್ಲ.

"ಅವನು ದೊಡ್ಡೋನೇ. ನೀವು ಹೊರಡಿ."